ಹಳೇ ಮನೆಗೆ ಹೊಸ ಲೆಕ್ಕ

ದುರಸ್ತಿಗೆಂದು ಕೂಡಿಟ್ಟ ಹಣ ಅರ್ಧ ಕೆಲಸಕ್ಕೇ ಮುಗಿದುಹೋಗುವುದೇಕೆ? ತಪ್ಪು ಮೇಸ್ತ್ರಿಯದೋ, ಮಾರುಕಟ್ಟೆಯದೋ, ಮನೆಯವರದೋ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು, ಕಟ್ಟಿದ ಮನೆಯನ್ನು ಒಡೆದು ಸರಿಮಾಡಿಸುವವರ ಪಾಡಿನ ಬಗ್ಗೆ ಏನೂ ಹೇಳಿ ಹೋಗಲಿಲ್ಲ. ಹೊಸ ಮನೆ ಕಟ್ಟುವವರ ಕೈಯಲ್ಲಿ ನಕ್ಷೆಯಾದರೂ ಇರುತ್ತದೆ. ಚದರಕ್ಕೆ ಇಷ್ಟು ಎಂಬ ದರವೂ ಇರುತ್ತದೆ. ಹಳೇ ಮನೆಗೆ ಅವೆರಡೂ ಇಲ್ಲ. ಗೋಡೆಯೊಳಗೆ ಕೊಳಾಯಿ ಎಲ್ಲಿ ಹಾದುಹೋಗಿದೆ, ವೈರು ಎಲ್ಲಿ ಸುಟ್ಟಿದೆ, ತಾರಸಿಯ ನೀರು ಯಾವ ಸಂದಿಯಿಂದ ಇಳಿಯುತ್ತಿದೆ ಎಂಬುದೆಲ್ಲ ಒಡೆದು ನೋಡಿದ ಮೇಲೆಯೇ ಗೊತ್ತಾಗುವುದು. ಬಚ್ಚಲುಮನೆಯ ನಾಲ್ಕು ಟೈಲ್ಸ್ ಬದಲಿಸಲು ಹೊರಟವರು ಮೂರು ತಿಂಗಳ ನಂತರ ಇಡೀ ಮನೆಯನ್ನು ಹರವಿಕೊಂಡು ಬ್ಯಾಂಕಿನ ಮುಂದೆ ನಿಲ್ಲುವುದು ಹೀಗೆ.

ಲೆಕ್ಕ ತಪ್ಪಿದಾಗ ಸಾಮಾನಿನ ಬೆಲೆ ಏರಿಕೆಯನ್ನು ದೂರುವುದು ವಾಡಿಕೆ. ಬೆಲೆ ಏರುವುದು ಸುಳ್ಳಲ್ಲ. ಆದರೆ ಎರಡು ತಿಂಗಳ ಕೆಲಸದಲ್ಲಿ ಸಿಮೆಂಟು ಎಷ್ಟು ತಾನೇ ಏರೀತು? 2025ರ ಸೆಪ್ಟೆಂಬರ್ 22ರಿಂದಂತೂ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಣ ಸೋರುವ ತೂತು ಬೇರೆ ಕಡೆ ಇದೆ. ಅದು ಮನೆಯವರ ಬಾಯಿಂದಲೇ ಹೊರಡುವ ಒಂದು ಮಾತು: 'ಹೇಗೂ ಒಡೆದದ್ದಾಯ್ತಲ್ಲ, ಇದನ್ನೂ ಮಾಡಿಸಿಬಿಡೋಣ!'

ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಬಂತು. ಅದರ ಮುಂದೆ ಗೋಡೆ ಮಂಕಾಗಿ ಕಂಡಿತು, ಟೈಲ್ಸ್ ಬಂತು. ಟೈಲ್ಸ್ ಮೇಲೆ ಹಳೆಯ ಕಪಾಟು ಶೋಭಿಸಲಿಲ್ಲ. ಕಪಾಟು ಹೊಸದಾದ ಮೇಲೆ ಪಕ್ಕದ ಹಾಲ್‌ನ ನೆಲ ಕಣ್ಣಿಗೆ ಚುಚ್ಚತೊಡಗಿತು. ಒಂದೊಂದೂ ಸಣ್ಣ ಮೊತ್ತವೇ. ಒಟ್ಟು ಕೂಡಿದಾಗ ಮಾತ್ರ ಎದೆ ಝಲ್ಲೆನ್ನುತ್ತದೆ.

ಮೂವತ್ತು ದಾಟಿದ ಮನೆಗಳು

ಈಗ ಈ ಪ್ರಶ್ನೆ ಸಾವಿರಾರು ಕುಟುಂಬಗಳದ್ದು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. 1977ರಲ್ಲಿ ಎಚ್‌ಡಿಎಫ್‌ಸಿ ಶುರುವಾಗಿ, ಸಂಬಳದಾರರಿಗೂ ಮನೆ ಸಾಲ ಸಿಗುವ ಕಾಲ ಬಂತು. ಗೃಹ ನಿರ್ಮಾಣ ಸಹಕಾರ ಸಂಘಗಳು ಊರೂರಲ್ಲೂ ಎದ್ದವು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಎಂಟೋ ಹತ್ತೋ ಚದರದ ಆರ್‌ಸಿಸಿ ಮನೆ ಕಟ್ಟಿಸಿಕೊಂಡ ಶಿಕ್ಷಕರು, ಗುಮಾಸ್ತರು, ಬ್ಯಾಂಕ್ ನೌಕರರ ಮನೆಗಳಿಗೆ ಈಗ ಮೂವತ್ತು, ನಲವತ್ತು ವರ್ಷ. ಆಗ ಹಾಕಿದ ಜಿಐ ಪೈಪುಗಳು ಒಳಗೊಳಗೇ ತುಕ್ಕು ಹಿಡಿದು ನಲ್ಲಿಯಲ್ಲಿ ಕೆಂಪು ನೀರು ಬರುತ್ತಿದೆ. ಎರಡು ಬಲ್ಬು, ಒಂದು ಫ್ಯಾನಿಗೆಂದು ಎಳೆದ ವೈರಿನ ಮೇಲೆ ಗೀಸರ್, ಮಿಕ್ಸಿ, ಫ್ರಿಜ್, ವಾಷಿಂಗ್ ಮೆಷಿನ್ನಿನ ಭಾರ ಬಿದ್ದಿದೆ.

ಕಟ್ಟಿಸಿದವರು ಈಗ ನಿವೃತ್ತರು. ಸಂಬಳ ಬರುತ್ತಿದ್ದಾಗ ತಪ್ಪಿದ ಲೆಕ್ಕವನ್ನು ಮುಂದಿನ ತಿಂಗಳು ಸರಿದೂಗಿಸಬಹುದಿತ್ತು. ಪಿಂಚಣಿಯಲ್ಲಿ ಆ ಅವಕಾಶ ಕಡಿಮೆ. ಆಸ್ಪತ್ರೆಯ ಖರ್ಚಿಗೆಂದು ಇಟ್ಟ ಠೇವಣಿಯನ್ನು ಮುರಿದು ಫಾಲ್ಸ್ ಸೀಲಿಂಗ್ ಹಾಕಿಸಿದರೆ, ನಾಳೆ ಆಸ್ಪತ್ರೆಗೆ ಹೋಗುವ ದಿನ ಸೀಲಿಂಗ್ ನೆರವಿಗೆ ಬರುವುದಿಲ್ಲ. ಆದ್ದರಿಂದಲೇ ದುರಸ್ತಿಯ ಲೆಕ್ಕವನ್ನು ಮೊದಲ ಇಟ್ಟಿಗೆ ಒಡೆಯುವ ಮುನ್ನವೇ ಬರೆದಿಡಬೇಕು.

ಮೊದಲು ನೀರು, ಆಮೇಲೆ ಬಣ್ಣ

ಮನೆಯ ದೊಡ್ಡ ಶತ್ರು ನೀರು. ಸೋರುವ ತಾರಸಿಯ ಕೆಳಗೆ ಎಂಥ ದುಬಾರಿ ಬಣ್ಣ ಬಳಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಪ್ಪಳದಂತೆ ಏಳುತ್ತದೆ. ನೀರು ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಸೂರಿನಿಂದ ಚಕ್ಕೆ ಉದುರಿ ಕಂಬಿ ಕಾಣುವ ಹಂತ ತಲುಪಿದ್ದರೆ ಮೊದಲು ಕರೆಯಬೇಕಾದ್ದು ಎಂಜಿನಿಯರನ್ನು. ಪೇಂಟರ್ ಸರದಿ ಆಮೇಲೆ. ಒಂದು ಸಲ ಬಂದು ನೋಡಿ ಹೋಗುವುದಕ್ಕೆ ಅವರಿಗೆ ಕೊಡುವ ಶುಲ್ಕ, ತಪ್ಪು ಕೆಲಸಕ್ಕೆ ಸುರಿಯುವ ಹಣದ ಮುಂದೆ ತೀರಾ ಸಣ್ಣದು.

ಹಾಗಾಗಿ ಹಣ ಹಂಚುವ ಕ್ರಮವೂ ಕೆಲಸದ ಕ್ರಮವೂ ಒಂದೇ ಆಗಿರಬೇಕು: ತಾರಸಿ, ಬಚ್ಚಲುಗಳ ಸೋರಿಕೆ ತಡೆಯುವುದು, ಕೊಳಾಯಿ ಮತ್ತು ವೈರಿಂಗ್, ನಂತರ ಗಿಲಾವು, ನೆಲ, ಬಾಗಿಲು-ಕಿಟಕಿ, ಕಟ್ಟಕಡೆಗೆ ಬಣ್ಣ. ಬಚ್ಚಲಿನಲ್ಲಿ ಟೈಲ್ಸ್ ಕೂರಿಸುವ ಮೊದಲೇ ನೀರು ಕಟ್ಟಿ ಒಂದೆರಡು ದಿನ ಬಿಟ್ಟು ಕೆಳಗೂ ಪಕ್ಕಕ್ಕೂ ತೇವ ಬರುವುದೇ ಎಂದು ನೋಡಬೇಕು. ಟೈಲ್ಸ್ ಬಂದ ಮೇಲೆ ಸೋರಿಕೆ ಹುಡುಕುವುದೆಂದರೆ ಅದೇ ಕೆಲಸಕ್ಕೆ ಎರಡನೇ ಸಲ ದುಡ್ಡು. ವೈರಿಂಗೂ ಅಷ್ಟೆ. ದೀಪಗಳಿಗೆ 1.5 ಚದರ ಮಿಲಿಮೀಟರ್ ವೈರು ಸಾಕು, ಗೀಸರಿಗೆ 4 ಚದರ ಮಿಲಿಮೀಟರ್ ವೈರನ್ನು ಪ್ರತ್ಯೇಕವಾಗಿ ಎಳೆಯುವುದು ಒಳ್ಳೆಯದು. ಸರಿಯಾದ ಅರ್ಥಿಂಗ್ ಮತ್ತು ಶಾಕ್ ತಗುಲಿದೊಡನೆ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಅಲಂಕಾರದ ದೀಪಕ್ಕೆ ದುಡ್ಡು ಹಾಕುವುದು ವಿವೇಕವಲ್ಲ.

ಮಲೆನಾಡು, ಕರಾವಳಿಯ ಹೆಂಚಿನ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ಹೆಂಚಿಗಿಂತ ಅದರಡಿಯ ರೀಪು, ಪಕಾಸುಗಳಿಗೆ ಗೆದ್ದಲು ಹಿಡಿದಿದೆಯೇ ಎಂಬುದು ಮುಖ್ಯ. ನೂರು ಚದರಡಿ ಮಾಡಿಗೆ ಸುಮಾರು 150 ಮಂಗಳೂರು ಹೆಂಚು ಬೇಕು. ಒಂದು ಕಾರ್ಖಾನೆಯ ಹೆಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಒಡೆದ ಜಾಗಕ್ಕಷ್ಟೇ ಹೊಸತು ಸಿಕ್ಕಿಸುವ ಬದಲು, ಗಟ್ಟಿಯಿರುವ ಹಳೆಯವನ್ನೆಲ್ಲ ಒಂದು ಪಕ್ಕಕ್ಕೆ ಹೊದಿಸಿ, ಇನ್ನೊಂದು ಪಕ್ಕಕ್ಕೆ ಪೂರ್ತಿ ಹೊಸತು ಹಾಕಿದರೆ ಸೋರಿಕೆಯೂ ನಿಲ್ಲುತ್ತದೆ, ಅರ್ಧ ಖರ್ಚೂ ಉಳಿಯುತ್ತದೆ. ಮಳೆಗೆ ಮುನ್ನ ಏಪ್ರಿಲ್-ಮೇಯಲ್ಲಿ ಎಲ್ಲರಿಗೂ ಆಳು ಬೇಕು. ಮಳೆ ನಿಂತ ಮೇಲೆ, ಬೇಸಗೆಯ ನೂಕುನುಗ್ಗಲಿಗೆ ಮೊದಲೇ ಕೆಲಸ ಹಿಡಿಸಿದವರಿಗೆ ಆಳೂ ಸಿಗುತ್ತಾರೆ, ಕೂಲಿಯೂ ಹಗುರ.

ಒಂದು ಪಾಲುಪಟ್ಟಿ

ಉದಾಹರಣೆಗೆ, ಮೂವತ್ತು ವರ್ಷದ ಒಂಬತ್ತು ಚದರದ ಮನೆ. ಮನೆಯವರ ಕೈಯಲ್ಲಿರುವುದು 6 ಲಕ್ಷ ರೂ. ಎಂದಿಟ್ಟುಕೊಳ್ಳಿ. ಇದರಲ್ಲಿ ಒಂದು ಲಕ್ಷವನ್ನು ಮೊದಲೇ ಬೇರೆ ಖಾತೆಗೆ ಹಾಕಿಬಿಡಬೇಕು. ಒಡೆದ ಮೇಲೆ ಎದುರಾಗುವ ಅನಿರೀಕ್ಷಿತಕ್ಕೆ ಒಟ್ಟು ಮೊತ್ತದ ಶೇ 15ರಿಂದ 20 ಮೀಸಲಿಡುವುದು ಹಳೇ ಮನೆಗಳ ವಿಷಯದಲ್ಲಿ ಹೆಚ್ಚೇನಲ್ಲ. ಉಳಿದ 5 ಲಕ್ಷದ ಹಂಚಿಕೆ ಹೀಗಿರಬಹುದು: ತಾರಸಿ ಮತ್ತು ತೇವದ ಗೋಡೆಗಳಿಗೆ ಒಂದೂವರೆ ಲಕ್ಷ, ಬಚ್ಚಲು-ಕೊಳಾಯಿಗೆ 1.25 ಲಕ್ಷ, ವೈರಿಂಗಿಗೆ 75 ಸಾವಿರ, ಅಡುಗೆಮನೆಗೆ 75 ಸಾವಿರ, ಬಣ್ಣಕ್ಕೆ 50 ಸಾವಿರ, ಚಿಲ್ಲರೆ ಬಾಬ್ತಿಗೆ 25 ಸಾವಿರ.

ಇದು ದರಪಟ್ಟಿಯಲ್ಲ. ಊರಿಂದೂರಿಗೆ ದರ ಬೇರೆ, ಮನೆಯಿಂದ ಮನೆಗೆ ರೋಗ ಬೇರೆ. ಗಮನಿಸಬೇಕಾದ್ದು ಪಾಲನ್ನು: 5 ಲಕ್ಷದಲ್ಲಿ ಮೂರೂವರೆ ಲಕ್ಷ ಹೋಗಿರುವುದು ಬಂದ ನೆಂಟರ ಕಣ್ಣಿಗೆ ಅಷ್ಟಾಗಿ ಬೀಳದ ಕೆಲಸಕ್ಕೆ. ಹೆಚ್ಚಿನ ಮನೆಗಳಲ್ಲಿ ಇದು ತಿರುಗುಮುರುಗಾಗಿ, ಕಾಣುವ ನೆಲಕ್ಕೂ ಗೋಡೆಗೂ ಹಣವೆಲ್ಲ ಮುಗಿದು, ತಾರಸಿಗೆ 'ಮುಂದಿನ ವರ್ಷ ನೋಡೋಣ' ಎಂದಾಗುತ್ತದೆ.

ಚಿಲ್ಲರೆ ಬಾಬ್ತನ್ನು ಮರೆಯುವವರೇ ಜಾಸ್ತಿ. ಒಡೆದ ಇಟ್ಟಿಗೆ, ಗಾರೆಯ ರಾಶಿ ಸಾಗಿಸುವ ಲಾರಿ, ಟ್ಯಾಂಕರ್ ನೀರು, ಆಳುಗಳ ಕಾಫಿ-ತಿಂಡಿ, ಅಡುಗೆಮನೆ ಮುಚ್ಚಿದ ದಿನಗಳ ಹೋಟೆಲ್ ಊಟ ಇವೆಲ್ಲ ಇಲ್ಲಿಗೆ ಬರುತ್ತವೆ. ವೃದ್ಧರೋ ಆಸ್ತಮಾ ಇರುವವರೋ ಮನೆಯಲ್ಲಿದ್ದರೆ ಧೂಳಿನ ಒಂದೆರಡು ತಿಂಗಳು ಬಾಡಿಗೆ ಮನೆ ಬೇಕಾದೀತು. ಹಾಗಿದ್ದಲ್ಲಿ ಈ ಬಾಬ್ತು ಇನ್ನೂ ದೊಡ್ಡದು.

'ಹೇಗೂ ಒಡೆದದ್ದಾಯ್ತಲ್ಲ' ಎಂಬ ಮಾತಿಗೆ ಮದ್ದೂ ಇದೇ ಪಟ್ಟಿಯಲ್ಲಿದೆ. ಕೆಲಸ ಶುರುವಾಗುವ ಮೊದಲು ಮನೆಯವರೆಲ್ಲ ಕುಳಿತು 'ಅನಿವಾರ್ಯ', 'ಆಸೆ' ಎಂದು ಎರಡು ಪಟ್ಟಿ ಬರೆಯಲಿ. ಅಡುಗೆಮನೆಯಲ್ಲಿ ದಿನವಿಡೀ ದುಡಿಯುವವರ ಮಾತಿಗೆ ಅಲ್ಲಿ ಹೆಚ್ಚಿನ ತೂಕವಿರಲಿ. ಮಧ್ಯದಲ್ಲಿ ಹೊಸದೇನು ಹೊಳೆದರೂ ಅದು ಆಸೆಯ ಪಟ್ಟಿಯ ಕೊನೆಗೆ ಸೇರಲಿ. ಮೀಸಲು ಹಣ ಅನಿವಾರ್ಯಕ್ಕೆ ಮಾತ್ರ.

ಅಳತೆಯಲ್ಲಿದೆ ಉಳಿತಾಯ

ಹತ್ತು-ಹನ್ನೆರಡಡಿಯ ಕೋಣೆ ಎಂದರೆ 120 ಚದರಡಿ, ಬಣ್ಣಕ್ಕೆ ಎಷ್ಟು ಮಹಾ ಆದೀತು ಎಂದುಕೊಳ್ಳುವವರುಂಟು. ಗೋಡೆಯ ಎತ್ತರ ಹತ್ತಡಿಯಿದ್ದರೆ ನಾಲ್ಕು ಗೋಡೆ ಸೇರಿ 440 ಚದರಡಿ, ಸೂರಿನ 120 ಸೇರಿದರೆ 560. ಪೇಂಟರ್ ಲೆಕ್ಕ ಹಾಕುವುದು ಇದನ್ನು. ಬಾಗಿಲು-ಕಿಟಕಿಗಳ ಜಾಗವನ್ನು ಕಳೆಯುತ್ತಾರೋ ಇಲ್ಲವೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ನೂರು ಚದರಡಿ ಗೋಡೆಗೆ ಅರ್ಧ ಅಂಗುಲ ದಪ್ಪದ, ಒಂದಕ್ಕೆ ನಾಲ್ಕು ಮರಳಿನ ಗಿಲಾವಿಗೆ ಹೆಚ್ಚುಕಡಿಮೆ 50 ಕೆ.ಜಿ.ಯ ಒಂದು ಮೂಟೆ ಸಿಮೆಂಟು ಸಾಕು. ಇಷ್ಟು ತಿಳಿದಿದ್ದರೆ ಮೂಟೆಗಳ ಲೆಕ್ಕ ಕೇಳುವ ಧೈರ್ಯ ಬರುತ್ತದೆ. ಮರಳನ್ನು ಲೋಡಿನ ಲೆಕ್ಕದಲ್ಲಿ ಕೊಳ್ಳುವವರು ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ, ತೇವದ ಮರಳು ಕಾಲು ಭಾಗದಷ್ಟು ಉಬ್ಬಿಕೊಂಡಿರಬಹುದು. ನೆಲದ ಟೈಲ್ಸ್ ಶೇ 10ರಷ್ಟು ಹೆಚ್ಚಿಗೆ ತರಬೇಕು. ಅಂಚಿಗೆ ಕತ್ತರಿಸಿದ್ದು ಹಾಳಾಗುತ್ತದೆ, ಮುಂದೆ ಒಂದು ಒಡೆದರೆ ಅದೇ ಛಾಯೆಯದು ಸಿಗುವುದಿಲ್ಲ.

ಇರುವುದನ್ನು ಉಳಿಸಿಕೊಳ್ಳುವುದೂ ಲೆಕ್ಕದ ಭಾಗವೇ. ಮಂಕಾದ ಮೊಸಾಯಿಕ್, ಶಹಾಬಾದ್ ಕಲ್ಲು, ಕಡಪ ಕಲ್ಲಿನ ನೆಲಗಳು ಪಾಲಿಶ್ ಹಿಡಿದರೆ ಮತ್ತೆ ಹೊಳೆಯುತ್ತವೆ. ಕೆಂಪು ಗಾರೆ ನೆಲವೂ ಅಷ್ಟೆ. ಸಾಗುವಾನಿ, ಹೊನ್ನೆ ಮರದ ಹಳೆಯ ಬಾಗಿಲನ್ನು ತೋಪಡ ಹಿಡಿಸಿ ಪಾಲಿಶ್ ಮಾಡಿಸುವ ಬದಲು ಗುಜರಿಗೆ ಹಾಕಿ ಪ್ಲೈವುಡ್ ಬಾಗಿಲು ತಂದವರು ಎರಡು ಕಡೆಯೂ ಕಳೆದುಕೊಳ್ಳುತ್ತಾರೆ.

ಬಾಯಿಮಾತು ಸಾಲದು

ಮೇಸ್ತ್ರಿಯ ಜೊತೆಗಿನ ಒಪ್ಪಂದದಲ್ಲಿ ಮೂರು ಬಗೆ: ದಿನಗೂಲಿ, ಕೂಲಿ ಮಾತ್ರದ ಗುತ್ತಿಗೆ, ಸಾಮಾನು ಸಹಿತ ಗುತ್ತಿಗೆ. ಎಷ್ಟು ಒಡೆಯಬೇಕೆಂದೇ ತಿಳಿಯದ ಕೆಲಸಕ್ಕೆ ದಿನಗೂಲಿ ಅನಿವಾರ್ಯವಾಗಬಹುದು, ಆದರೆ ಮುಂದೆ ನಿಂತು ನೋಡಿಕೊಳ್ಳುವವರಿರಬೇಕು. ಅಳತೆ ಸಿಗುವ ಕೆಲಸಕ್ಕೆ ಚದರಡಿ ಲೆಕ್ಕದ ಕೂಲಿ ಗುತ್ತಿಗೆ ವಾಸಿ. ಸಾಮಾನು ಸಹಿತ ಗುತ್ತಿಗೆಯಲ್ಲಿ ಓಡಾಟ ತಪ್ಪುತ್ತದೆ. ಅದರಲ್ಲಿ ಪೈಪಿನ ಕಂಪನಿ, ವೈರಿನ ಗಾತ್ರ, ಬಣ್ಣದ ಕೋಟುಗಳ ಸಂಖ್ಯೆ, ರಾಶಿ ಸಾಗಿಸುವ ಹೊಣೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಹಣವನ್ನು ಕೆಲಸ ಮುಗಿದ ಹಂತಕ್ಕೆ ತಕ್ಕಂತೆ ಕೊಡುತ್ತಾ ಹೋಗಿ, ಕೊನೆಯ ಶೇ 10ನ್ನು ಸೋರಿಕೆಯ ಪರೀಕ್ಷೆಯಾಗುವವರೆಗೆ ಉಳಿಸಿಕೊಳ್ಳುವುದು ಕ್ಷೇಮ. ಆಳುಗಳ ವಾರದ ಬಟವಾಡೆಯನ್ನು ಮಾತ್ರ ತಡೆಯಬಾರದು. ಅದು ಅವರ ಒಲೆ ಉರಿಯುವ ದುಡ್ಡು.

ಮನೆ ಇನ್ನೂ ತಂದೆಯ ಹೆಸರಿನಲ್ಲಿದ್ದು ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ಪಾಲಾಗಿಲ್ಲದಿದ್ದರೆ, ಖರ್ಚು ಹಾಕುವವರು ಯಾರು, ಮುಂದೆ ಅದು ಹೇಗೆ ವಜಾ ಆಗಬೇಕು ಎಂಬುದೂ ಬರಹದಲ್ಲಿರಲಿ. ರಿಪೇರಿಯ ಪ್ರೀತಿ ಪಾಲಿನ ಹೊತ್ತಿಗೆ ಕೋರ್ಟು ಹತ್ತಿದ ಮನೆಗಳು ನಾಡಿನಲ್ಲಿ ಕಡಿಮೆಯಿಲ್ಲ.

ಸಾಲದ ತೂಕ

ಸಾಲ ಮಾಡುವುದಾದರೆ ಕೆಲಸಕ್ಕೆ ಮುನ್ನ ಮಾಡಬೇಕು. ಶೇ 9ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೆಗೆದ 5 ಲಕ್ಷ ರೂ. ಗೃಹ ದುರಸ್ತಿ ಸಾಲಕ್ಕೆ ತಿಂಗಳ ಕಂತು ಸುಮಾರು 6,335 ರೂ. ಹಣ ಸಾಲದೆ ಕೊನೆಯಲ್ಲಿ ಅವಸರದಿಂದ ಶೇ 14ರಂತೆ ಮೂರು ವರ್ಷಕ್ಕೆ ತಂದ 2 ಲಕ್ಷ ರೂ. ವೈಯಕ್ತಿಕ ಸಾಲಕ್ಕೆ ಕಂತು ಸುಮಾರು 6,835 ರೂ. ಸಾಲ ಅರ್ಧಕ್ಕಿಂತ ಕಡಿಮೆ, ಕಂತು ಅದಕ್ಕಿಂತ ಜಾಸ್ತಿ! ಆ ಮೂರು ವರ್ಷ ಎರಡೂ ಕಂತು ಒಟ್ಟಿಗೆ ಕಟ್ಟಬೇಕು. 'ಹೇಗೂ ಒಡೆದದ್ದಾಯ್ತಲ್ಲ' ಎಂಬ ಮಾತಿನ ನಿಜವಾದ ಬೆಲೆ ಇದು.

ತೆರಿಗೆಯ ರಿಯಾಯಿತಿಯನ್ನು ನಂಬಿ ಸಾಲ ದೊಡ್ಡದು ಮಾಡುವುದೂ ಸರಿಯಲ್ಲ. ಸ್ವಂತ ವಾಸದ ಮನೆ ಕಟ್ಟಲು ಅಥವಾ ಕೊಳ್ಳಲು ಮಾಡಿದ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷ ರೂ.ವರೆಗೆ ವಿನಾಯಿತಿ ಇದ್ದರೆ, ದುರಸ್ತಿ ಸಾಲದ ಬಡ್ಡಿಗೆ ಸಿಗುವುದು ಆ ಮಿತಿಯೊಳಗೇ 30 ಸಾವಿರ ಮಾತ್ರ. ದುರಸ್ತಿ ಸಾಲದ ಅಸಲಿಗೆ ವಿನಾಯಿತಿ ಇಲ್ಲ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಸ್ವಂತ ವಾಸದ ಮನೆಯ ಬಡ್ಡಿಯ ಮೇಲೂ ಏನೂ ಇಲ್ಲ. ಆದರೂ ಬಿಲ್ಲುಗಳನ್ನು ಜೋಪಾನ ಮಾಡಬೇಕು. ಮುಂದೊಂದು ದಿನ ಮನೆ ಮಾರಿದರೆ, ಕೋಣೆ ಸೇರಿಸಿದಂಥ ಶಾಶ್ವತ ಸುಧಾರಣೆಯ ಖರ್ಚನ್ನು ಲಾಭದ ಲೆಕ್ಕದಲ್ಲಿ ಕಳೆಯಬಹುದು. ಸುಣ್ಣಬಣ್ಣಕ್ಕೆ ಆ ಸೌಲಭ್ಯವಿಲ್ಲ. ಕೋಣೆಯೋ ಮಹಡಿಯೋ ಸೇರಿಸುವುದಿದ್ದರೆ ಸ್ಥಳೀಯ ಸಂಸ್ಥೆಯ ಅನುಮತಿ, ನಕ್ಷೆಯ ಖರ್ಚನ್ನೂ ಪಟ್ಟಿಗೆ ಸೇರಿಸಬೇಕು.

ಕೆಲಸ ನಡೆದಷ್ಟು ದಿನ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಂಜೆ ಖರ್ಚು ಬರೆದು, ವಾರಕ್ಕೊಮ್ಮೆ ಪಾಲುಪಟ್ಟಿಯ ಜೊತೆ ಹೋಲಿಸಿದರೆ ಎಲ್ಲಿ ಕೈ ಮೀರುತ್ತಿದೆ ಎಂಬುದು ಸಮಯಕ್ಕೆ ಸರಿಯಾಗಿ ಕಾಣುತ್ತದೆ. ಗಿಲಾವು ಮುಚ್ಚುವ ಮುನ್ನ ಕೊಳಾಯಿ, ವೈರು ಹಾದುಹೋದ ಗೋಡೆಗಳ ಫೋಟೊ ತೆಗೆದು ಅಳತೆಯೊಂದಿಗೆ ಅದೇ ಪುಸ್ತಕದಲ್ಲಿ ಅಂಟಿಸಿಡಬಹುದು. ಇನ್ನಿಪ್ಪತ್ತು ವರ್ಷ ಬಿಟ್ಟು ಮಕ್ಕಳು ಇದೇ ಮನೆ ರಿಪೇರಿಗೆ ಕೈ ಹಾಕಿದಾಗ, ಎಲ್ಲಿ ಒಡೆಯಬೇಕು ಎಂದು ಅವರು ಊಹಿಸಬೇಕಾಗುವುದಿಲ್ಲ.