ಕಾಯ್ದೆಯನ್ನು ತಾಲ್ಲೂಕಿಗೆ ಇಳಿಸಿದ ಅರಸು

ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆಗೆ ಸುತ್ತಲ ತಾಲ್ಲೂಕುಗಳ ರೈತರು ಎತ್ತುಗಳನ್ನು ಹೊಡೆದುಕೊಂಡು ಬರುವುದು ಹಳೆಯ ವಾಡಿಕೆ. ಒಂದು ಕಾಲದ ಗೇಣಿದಾರನಿಗೆ ಎತ್ತು ಸ್ವಂತದ್ದು, ನೇಗಿಲು ಸ್ವಂತದ್ದು. ಉಳುವ ನೆಲ ಮಾತ್ರ ಬೇರೆಯವರದು. ಎತ್ತಿನ ಒಡೆಯನನ್ನು ನೆಲದ ಒಡೆಯನನ್ನಾಗಿ ಮಾಡಲು ಹೊರಟವರು ಈ ಸೀಮೆಯವರೇ ಆದ ಡಿ. ದೇವರಾಜ ಅರಸು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು (1915–1982) ಸ್ವತಃ ಬೇಸಾಯ ಮಾಡಿದವರು. 1972ರಲ್ಲಿ ಮುಖ್ಯಮಂತ್ರಿಯಾದ ಅವರನ್ನು ನಾವು ಹಾವನೂರು ಆಯೋಗಕ್ಕಾಗಿ, 1973ರಲ್ಲಿ ರಾಜ್ಯಕ್ಕೆ ದೊರೆತ ‘ಕರ್ನಾಟಕ’ ಎಂಬ ಹೆಸರಿಗಾಗಿ, ‘ಉಳುವವನೇ ನೆಲದೊಡೆಯ’ ಎಂಬ ಘೋಷಣೆಗಾಗಿ ನೆನೆಯುತ್ತೇವೆ. ಕಡತಗಳ ನಡುವೆ ವೃತ್ತಿಜೀವನ ಸವೆಸಿದ ನನಗೆ ಘೋಷಣೆಗಿಂತ ದೊಡ್ಡದಾಗಿ ಕಾಣುವುದು ಅದರ ಹಿಂದಿದ್ದ ಆಡಳಿತ ಜಾಣ್ಮೆ.

ಭೂಸುಧಾರಣಾ ಕಾಯ್ದೆ 1961ರಲ್ಲೇ ರೂಪುಗೊಂಡಿತ್ತು. ಆದರೆ ಸ್ವಂತ ಸಾಗುವಳಿಯ ನೆಪದಲ್ಲಿ ಗೇಣಿದಾರನನ್ನು ಬಿಡಿಸಲು ಅದರಲ್ಲಿ ದಾರಿಗಳಿದ್ದವು. ಅರಸು ಕಾಲದ ತಿದ್ದುಪಡಿ ಈ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿದರೆ ಸಾಕಿತ್ತು. ತೀರ್ಮಾನ ಸಿವಿಲ್ ನ್ಯಾಯಾಲಯದ್ದಲ್ಲ, ಭೂನ್ಯಾಯ ಮಂಡಳಿಯದು. ಉಪವಿಭಾಗಾಧಿಕಾರಿಯ ದರ್ಜೆಯ ಅಧ್ಯಕ್ಷ, ನಾಲ್ವರು ನಾಮಕರಣ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಲ ವರ್ಷಗಳಲ್ಲಿ ಅಲ್ಲಿ ವಕೀಲರಿಗೂ ಪ್ರವೇಶವಿರಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ರೈತನಿಗೆ ನೆರೆಹೊಲದವನ ಮಾತು ಆಸರೆಯಾಗಬಲ್ಲುದಾಗಿತ್ತು. ರಾಜ್ಯದಾದ್ಯಂತ 8 ಲಕ್ಷದಷ್ಟು ಅರ್ಜಿಗಳು ಬಂದವು. ಅರ್ಧಕ್ಕೂ ಹೆಚ್ಚು ಗೇಣಿದಾರರ ಪರವಾಗಿ ಇತ್ಯರ್ಥವಾದವು.

ಹೊಗಳಿಕೆ ಕುರುಡಾಗಬಾರದು. ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿ, ಮಲೆನಾಡುಗಳಿಗೆ ದಕ್ಕಿದಷ್ಟು ಫಲ ಹಳೆಯ ಮೈಸೂರಿನ ಬಯಲಿಗೆ ದಕ್ಕಲಿಲ್ಲ. ಮಿತಿ ಮೀರಿದ ಜಮೀನಿನ ಹಂಚಿಕೆ ನಿರೀಕ್ಷೆಯ ಹತ್ತಿರವೂ ಬರಲಿಲ್ಲ. ಹೀಗಾಗಿ ಗೇಣಿದಾರ ಒಡೆಯನಾದರೂ ಅವನ ಹೊಲದ ಕೂಲಿಕಾರ ಕೂಲಿಕಾರನಾಗಿಯೇ ಉಳಿದ. ಅಲ್ಪ ಗೇಣಿಯನ್ನೇ ನಂಬಿದ್ದ ಸಣ್ಣ ಹಿಡುವಳಿಯ ವಿಧವೆಯರೂ ನೆಲ ಕಳೆದುಕೊಂಡರು. ಅರಸು ಆಡಳಿತದ ಮೇಲಿನ ಆರೋಪಗಳ ವಿಚಾರಣೆಗೆ 1977ರಲ್ಲಿ ಕೇಂದ್ರ ಸರ್ಕಾರ ಗ್ರೋವರ್ ಆಯೋಗವನ್ನೂ ನೇಮಿಸಿತು. ಈ ಸಂಗತಿಗಳನ್ನು ಮರೆಮಾಚಿ ಬರೆಯುವ ಶ್ರದ್ಧಾಂಜಲಿ ಅವರಿಗೆ ಸಲ್ಲುವ ಗೌರವವಲ್ಲ.

ಆದರೂ ಒಂದು ಪಾಠ ಉಳಿಯುತ್ತದೆ. ಬಡವನ ಹಕ್ಕು ರಾಜಧಾನಿಯ ರಾಜ್ಯಪತ್ರದಲ್ಲಿ ಅಚ್ಚಾದಾಗ ಹುಟ್ಟುವುದಿಲ್ಲ. ಬಸ್ ಚಾರ್ಜಿಗೆ ಒದಗುವ ದೂರದಲ್ಲಿ, ಅವನ ಭಾಷೆಯಲ್ಲಿ, ಅವನ ಮಾತಿಗೆ ಕಿವಿಗೊಡುವ ಪೀಠವೊಂದು ಕೂತಾಗ ಹುಟ್ಟುತ್ತದೆ. 2020ರ ತಿದ್ದುಪಡಿಯು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕಿದ್ದ ನಿರ್ಬಂಧಗಳನ್ನು ತೆಗೆದುಹಾಕಿತು. ಅದರ ಸಾಧಕ ಬಾಧಕಗಳನ್ನು ಚರ್ಚಿಸೋಣ. ಅರ್ಥಶಾಸ್ತ್ರದಲ್ಲಿ ಎರಡೂ ಕಡೆಗೆ ವಾದಗಳುಂಟು. ಆದರೆ ಅಂದಿನ ಗೇಣಿದಾರನ ಮೊಮ್ಮಗ ಇಂದು ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ಅವನ ಪಕ್ಕದಲ್ಲಿ ಕೂತು ಲೆಕ್ಕ ಬಿಡಿಸಿ ಹೇಳುವ ಸರ್ಕಾರಿ ವ್ಯವಸ್ಥೆ ಯಾವುದು? ಆಗಸ್ಟ್ 20ರಂದು ಅರಸು ಅವರ ಭಾವಚಿತ್ರಕ್ಕೆ ಹಾರ ಹಾಕುವವರು ಈ ಪ್ರಶ್ನೆಗೂ ಉತ್ತರ ಹುಡುಕಬೇಕು.