ಕಮಲಾದೇವಿಯವರೂ ಹೆಣ್ಣುಮಕ್ಕಳ ಮತವೂ

ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೈಮಗ್ಗ, ಕರಕುಶಲ ಕಲೆ, ರಂಗಭೂಮಿ. ಅದು ಸಹಜವೇ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಹೊಣೆ ಹೊತ್ತ ಮೇಲೆ ಅವರು ಮಾಡಿದ ಕೆಲಸ ಅಷ್ಟು ದೊಡ್ಡದು. ಆದರೆ ಮಂಗಳೂರಿನ ಈ ಮಗಳು ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಚುನಾವಣೆಗೆ ನಿಂತು ಸೋತರೆಂಬ ಸಂಗತಿ ಅವರ ಮುಂದಿನ ಕೀರ್ತಿಯ ಕೆಳಗೆ ಮುಚ್ಚಿಹೋಗಿದೆ. ನನ್ನ ಮಟ್ಟಿಗೆ ಆ ಸೋಲು ಅವರ ಅನೇಕ ಗೆಲವುಗಳಿಗಿಂತ ಹೆಚ್ಚು ವಿಚಾರಾರ್ಹವಾದುದು.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು. ತಂದೆ ಧಾರೇಶ್ವರ ಅನಂತಯ್ಯನವರು ಸರ್ಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿ ಓದುಬಲ್ಲವರು, ಸ್ವಾಭಿಮಾನಿ. ಮಗಳಿಗೆ ಏಳು ವರ್ಷವಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಸೇರಿತು. ವಿಧವೆಗೂ ಅವಳ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ಬೇಡವೆಂದು ತಳ್ಳಿ, ತವರಿನಿಂದ ತಂದ ತಮ್ಮದೇ ಸ್ವತ್ತಿನ ಬಲದ ಮೇಲೆ ಮಕ್ಕಳನ್ನು ಬೆಳೆಸಿದರು. ಮನೆಯೊಳಗಿನ ಈ ಕಥೆಗೂ ಮತದಾನಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಆ ಕಾಲದಲ್ಲಿ ಮತ ಮನುಷ್ಯನಿಗೆ ಸಲ್ಲುತ್ತಿದ್ದುದಕ್ಕಿಂತ ಹೆಚ್ಚಾಗಿ ಆಸ್ತಿಗೆ ಸಲ್ಲುತ್ತಿತ್ತು.

ಮದರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಹುಟ್ಟಿದ್ದು 1917ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳುತನದ ನಿಯೋಗವೊಂದು ಭಾರತಮಂತ್ರಿ ಮಾಂಟೆಗು ಅವರನ್ನು ಕಂಡು, ಹೆಣ್ಣಿಗೂ ಮತ ಕೊಡಿರೆಂದು ಕೇಳಿತು. ಮತದಾನದ ನಿಯಮಗಳನ್ನು ಹೆಣೆಯಲು ಬಂದ ಸೌತ್‌ಬರೋ ಸಮಿತಿ ಆಗದೆಂದಿತು. ಬ್ರಿಟಿಷ್ ಪಾರ್ಲಿಮೆಂಟು ಇತ್ತ ಹೌದೆನ್ನದೆ ಅತ್ತ ಇಲ್ಲವೆನ್ನದೆ ನಿರ್ಧಾರವನ್ನು ಪ್ರಾಂತಗಳ ಶಾಸನಸಭೆಗಳಿಗೆ ಬಿಟ್ಟುಕೊಟ್ಟಿತು. ಜಾಣತನದಿಂದ ನುಣುಚಿಕೊಂಡರೆಂದೇ ಹೇಳಬೇಕು. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ಮೊದಲು ಬಾಗಿಲು ತೆರೆದದ್ದು ಮದರಾಸು, 1921ರಲ್ಲಿ. ನಮ್ಮ ಮೈಸೂರು ಸಂಸ್ಥಾನದ ಹೆಂಗಸರಿಗೆ 1923ರ ಸುಧಾರಣೆಗಳಲ್ಲಿ ಮತ ಬಂತು.

ಸ್ವಾರಸ್ಯವೆಂದರೆ ಮದರಾಸಿನ ಹೆಣ್ಣಿಗೆ ಮತ ದೊರೆತದ್ದು ಗಂಡಸಿಗಿದ್ದ ಷರತ್ತುಗಳ ಮೇಲೆಯೇ. ಆಗ ಇಂಗ್ಲೆಂಡಿನಲ್ಲಿ ಮೂವತ್ತು ತುಂಬದ ಹೆಂಗಸಿಗೆ ಮತವಿರಲಿಲ್ಲ. ಅಲ್ಲಿ ಸಮಾನತೆ ಬಂದದ್ದು 1928ರಲ್ಲಿ. ಹಾಗೆಂದು ನಾವು ಬೀಗಬೇಕಾಗಿಲ್ಲ. ಸಮಾನವಾದ ಆ ಷರತ್ತು ಯಾವುದು? ಇಷ್ಟು ಕಂದಾಯ, ಇಷ್ಟು ತೆರಿಗೆ ಕಟ್ಟುವವರಿಗೆ ಮತ. ಪಟ್ಟಾ ಗಂಡನ ಹೆಸರಿನಲ್ಲಿ, ಮನೆ ಮಾವನ ಹೆಸರಿನಲ್ಲಿ ಇರುವ ನಾಡಿನಲ್ಲಿ ಆ ಸಮಾನತೆಯಿಂದ ಎಷ್ಟು ಹೆಣ್ಣುಮಕ್ಕಳಿಗೆ ಮತ ಬಂದೀತು? ಅಳಿಯಸಂತಾನದ ದಕ್ಷಿಣ ಕನ್ನಡದಲ್ಲಿ ಆಸ್ತಿ ಹೆಣ್ಣಿನ ಬಳಿಯಲ್ಲಿ ಇಳಿಯುತ್ತಿತ್ತು, ನಿಜ. ಆದರೆ ಅಲ್ಲಿಯೂ ಆಡಳಿತ ಸಾಮಾನ್ಯವಾಗಿ ಯಜಮಾನನ ಕೈಯಲ್ಲಿ. ಗಿರಿಜಾಬಾಯಿಯವರಿಗೆ ಒದಗಿದ ಸ್ಥಿತಿ ಒಂದು ಮನೆಯದಲ್ಲ, ಇಡೀ ಮತಪಟ್ಟಿಯ ಸ್ಥಿತಿ.

ಮತ ಹಾಕುವ ಹಕ್ಕು ಬಂದರೂ ಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕು ಬಂದಿರಲಿಲ್ಲ. ಆ ತಡೆ ತೆರವಾದದ್ದು 1926ರಲ್ಲಿ. ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಎಂಬ ಮಹಿಳೆ, ಹೆಣ್ಣಿನ ಮತಕ್ಕಾಗಿ ತಮ್ಮ ನಾಡಿನಲ್ಲಿ ಸೆರೆಮನೆ ಕಂಡು ಬಂದವರು, ಕಮಲಾದೇವಿಯವರನ್ನು ಮದರಾಸು ಶಾಸನಸಭೆಯ ಚುನಾವಣೆಗೆ ನಿಲ್ಲುವಂತೆ ಒಪ್ಪಿಸಿದರು. ಕಮಲಾದೇವಿಯವರ ಬೆನ್ನಿಗೆ ಪಕ್ಷವಿರಲಿಲ್ಲ, ಪ್ರಚಾರಕ್ಕೆ ದಿನಗಳೂ ಇರಲಿಲ್ಲ. ಅದಕ್ಕೂ ಮಿಗಿಲಾಗಿ, ಬಾಲವಿಧವೆಯಾಗಿದ್ದು ಮರುಮದುವೆಯಾದವಳು, ಅದೂ ಬೇರೆ ಪ್ರಾಂತದವರಾದ ಹರೀಂದ್ರನಾಥರನ್ನು ವರಿಸಿದವಳು, ನಾಟಕದಲ್ಲಿ ಅಭಿನಯಿಸುವವಳು. ಅಂದಿನ ಸಮಾಜ ಇವುಗಳಲ್ಲಿ ಒಂದನ್ನೂ ಸುಲಭವಾಗಿ ಕ್ಷಮಿಸುವಂತಿರಲಿಲ್ಲ. ಹೀಗಿದ್ದೂ ಅವರು ಸೋತದ್ದು ತೀರ ಕಡಿಮೆ ಮತಗಳ ಅಂತರದಿಂದ. ಶಾಸನಸಭೆಗೆ ಸ್ಪರ್ಧಿಸಿದ ಭಾರತೀಯ ಮಹಿಳೆಯರಲ್ಲಿ ಅವರು ಮೊದಲಿಗರು. ಅವರಿಗೆ ಬಿದ್ದ ಮತಗಳೂ ಬಹುಪಾಲು ಆಸ್ತಿವಂತ ಗಂಡಸರವೇ ಆಗಿದ್ದಿರಬೇಕು, ಪಟ್ಟಿಯಲ್ಲಿದ್ದವರೇ ಅವರಲ್ಲವೆ?

ಮರುವರ್ಷ, 1927ರಲ್ಲಿ, ಅಖಿಲ ಭಾರತ ಮಹಿಳಾ ಪರಿಷತ್ತು ಹುಟ್ಟಿದಾಗ ಅದರ ಸಂಘಟನಾ ಕಾರ್ಯದರ್ಶಿಯಾಗಿ ದುಡಿದವರು ಕಮಲಾದೇವಿ. ಈ ಪರಿಷತ್ತೂ ಇತರ ಮಹಿಳಾ ಸಂಸ್ಥೆಗಳೂ 1931ರಲ್ಲಿ ಒಟ್ಟಾಗಿ ಬರೆದ ಮನವಿಯನ್ನು ನಾನು ನಮ್ಮ ರಾಜಕೀಯ ಚರಿತ್ರೆಯ ಒಂದು ಶ್ರೇಷ್ಠ ದಾಖಲೆಯೆಂದು ಎಣಿಸುತ್ತೇನೆ. ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತ ಬೇಕು, ಮೀಸಲು ಸ್ಥಾನದ ಕೃಪೆ ಬೇಡ ಎಂಬುದು ಅದರ ಸಾರ. ಆಗ ಆಳುವವರು ಮುಂದಿಟ್ಟದ್ದು ಬೇರೊಂದು ಉಪಾಯ: ಮತವುಳ್ಳ ಗಂಡಸಿನ ಹೆಂಡತಿಗೂ ಒಂದು ಮತ. ಮೇಲ್ನೋಟಕ್ಕೆ ಉದಾರವಾದದ್ದೇ. ಆದರೆ ಅದರಲ್ಲಿ ಹೆಣ್ಣು ಮತದಾರಳಾಗುವುದು ತಾಳಿಯ ದಾರದಿಂದ. 1935ರ ಕಾಯಿದೆಯಲ್ಲಿ ಅಕ್ಷರ ಬಲ್ಲವರ ಜೊತೆಗೆ ಹೀಗೆ ಹೆಂಡತಿಯರೂ ವಿಧವೆಯರೂ ಸೇರಿ ಸುಮಾರು 60 ಲಕ್ಷ ಹೆಂಗಸರು ಪಟ್ಟಿಗೆ ಬಂದರು. ಸಂಖ್ಯೆ ಬೆಳೆಯಿತು, ತತ್ತ್ವ ಸೋತಿತು.

ತತ್ತ್ವ ಗೆದ್ದದ್ದು ಸಂವಿಧಾನದ 326ನೆಯ ವಿಧಿಯಲ್ಲಿ. ಗೆದ್ದಮೇಲೂ ಒಂದು ತೊಡಕು ಉಳಿದಿತ್ತು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಸಿದ್ಧಪಡಿಸುವಾಗ ಉತ್ತರ ಭಾರತದ ಎಷ್ಟೋ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಸ್ವಂತ ಹೆಸರಿಲ್ಲದೆ ಆಗದೆಂದು ಪಟ್ಟು ಹಿಡಿದರು. ಸುಮಾರು 28 ಲಕ್ಷ ಹೆಂಗಸರ ದಾಖಲೆ ಪಟ್ಟಿಯಿಂದ ಹೊರಗುಳಿಯಿತು. ಕಟುವಾದ ನಿರ್ಧಾರ, ಆದರೂ ಸರಿಯೆಂದೇ ನನಗೆ ತೋರುತ್ತದೆ. ನಮ್ಮ ಕಡೆ ಸಂಕೋಚ ಗಂಡನ ಹೆಸರು ಹೇಳುವುದಕ್ಕೆ. ಅದಕ್ಕಾಗಿ ಉತ್ತರ ಕರ್ನಾಟಕದ ಗರತಿಯರು ಒಡಪು ಕಟ್ಟಿದರು. 1007ರ ಲಕ್ಕುಂಡಿಯ ಶಾಸನದಲ್ಲಿ ಅತ್ತಿಮಬ್ಬೆ ತನ್ನ ಹೆಸರಿನಿಂದಲೇ ನಿಂತಿದ್ದಾಳೆ. ಕಲ್ಲಿನ ಮೇಲೆ ಸಾಧ್ಯವಾದದ್ದು ಕಾಗದದ ಮೇಲೆ ಕಷ್ಟವಾಯಿತೆಂಬುದು ವಿಚಿತ್ರ.

ಮೀಸಲು ಬೇಡವೆಂದ 1931ರ ನಿಲುವನ್ನು ಮಾತ್ರ ಕಾಲ ಒಪ್ಪಲಿಲ್ಲ. ತೆರೆದ ಸ್ಪರ್ಧೆಯಲ್ಲಿ ಪಕ್ಷಗಳು ಹೆಣ್ಣಿಗೆ ಟಿಕೀಟು ಕೊಡದಿದ್ದರೆ ಸಮಾನತೆಯನ್ನು ಹಿಡಿದು ಏನು ಮಾಡುವುದು? ಕರ್ನಾಟಕದ 1983ರ ಪಂಚಾಯತಿ ಕಾಯಿದೆ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಕಾದಿರಿಸಿತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮಂಡಲ ಪಂಚಾಯತಿಗಳಲ್ಲಿ ಕುಳಿತರು. ಅದರ ಮರುವರ್ಷ ಅಕ್ಟೋಬರಿನಲ್ಲಿ ಕಮಲಾದೇವಿ ತೀರಿಕೊಂಡರು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರರಲ್ಲೊಂದು ಪಾಲು ಎಂಬ ಸಂವಿಧಾನ ತಿದ್ದುಪಡಿಗೆ 2023ರವರೆಗೆ ಕಾಯಬೇಕಾಯಿತು.

ನಾನು ವಾಸವಾಗಿರುವ ರಾಜಗೋಪಾಲನಗರ ಪೀಣ್ಯದ ಕಾರ್ಖಾನೆಗಳ ನೆರಳಿನ ಬಡಾವಣೆ. ಬೆಳಗಾದರೆ ಬುತ್ತಿ ಹಿಡಿದು ಗಾರ್ಮೆಂಟ್ಸ್‌ಗೆ ಹೊರಡುವ ಹೆಣ್ಣುಮಕ್ಕಳ ಸಾಲು. ಇವರಲ್ಲಿ ಅನೇಕರ ಹೆಸರು ಇಂದಿಗೂ ಗಂಡನ ಊರಿನ ಪಟ್ಟಿಯಲ್ಲಿದೆ. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಕಾನೂನಿದೆ; ಆದರೆ ಒಂದು ದಿನದ ರಜೆಯಲ್ಲಿ ದೂರದ ಹಳ್ಳಿಗೆ ಹೋಗಿ ಮತ ಹಾಕಿ, ಮರುದಿನ ಹೊತ್ತಿಗೆ ಸರಿಯಾಗಿ ಹೊಲಿಗೆ ಯಂತ್ರದ ಮುಂದೆ ಕೂರುವುದು ಹೇಗೆ? ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಿರೆಂದರೆ, "ಬಾಡಿಗೆ ಕರಾರು ಇಲ್ಲ ಸಾರ್, ಓನರು ಬರೆದುಕೊಡಲ್ಲ" ಎನ್ನುತ್ತಾರೆ. 1921ರ ಆಸ್ತಿಯ ಷರತ್ತು ಕಾನೂನಿನಿಂದ ಹೋಗಿ ಎಪ್ಪತ್ತು ವರ್ಷ ಮೀರಿದೆ. ಮನೆ ಮಾತ್ರ ಇನ್ನೂ ಅಡ್ಡ ನಿಂತಿದೆ. ಕೇಳುವ ಸೋದರಿಯರಲ್ಲಿ ಯಾರಿಗಾದರೂ ಇದೇ ತೊಡಕಿದ್ದರೆ ಒಂದು ಮಾತು: ವಿಳಾಸ ಬದಲಾವಣೆಯ ಅರ್ಜಿ ನಮೂನೆ 8. ಮನೆಯ ಕಾಗದ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅರ್ಜಿ ಕೊಡದೆ ಬಿಡಬೇಡಿ. ಮತಗಟ್ಟೆಯ ಅಧಿಕಾರಿ ಮನೆಗೆ ಬಂದು ನೋಡಿ ವಾಸವನ್ನು ಖಚಿತಪಡಿಸಿಕೊಳ್ಳುವ ಏರ್ಪಾಡು ಇದೆ.