ಕಡಲಿನ ಗುಣವರಿತು ಚುಕ್ಕಾಣಿ ಹಿಡಿಯುವ ಯಂತ್ರ

ದೆಹಲಿಗೆ ಕಡಲಿಲ್ಲ. ಆದರೂ ಭಾರತದ ಕಡಲ ಕಾವಲಿನ ಆಜ್ಞೆಗಳು ಹೊರಡುವುದು ಈ ನಗರದಿಂದಲೇ. ನೌಕಾಪಡೆಯ ಕೇಂದ್ರ ಕಾರ್ಯಾಲಯಕ್ಕೆಂದು ದಂಡುಪ್ರದೇಶದಲ್ಲಿ ಕಟ್ಟಿದ ನೌಸೇನಾ ಭವನವು 2024ರ ಮಾರ್ಚ್ 15ರಂದು ಉದ್ಘಾಟನೆಗೊಂಡಿತು. ಕಾರವಾರ, ಮಲ್ಪೆ, ಮಂಗಳೂರುಗಳ ಅಲೆಯ ಸದ್ದನ್ನು ಕಿವಿಯಲ್ಲಿ ತುಂಬಿಕೊಂಡು ಬಂದು ರಾಜಧಾನಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಕಡಲಿನ ಸುದ್ದಿ ಎಂದರೆ ಇಂದಿಗೂ ತೌರಿನ ಸುದ್ದಿಯಂತೆಯೇ.

ಅಂತಹ ಒಂದು ಸುದ್ದಿ 2025ರ ಮೇ 29ರಂದು ಗೋವೆಯಿಂದ ಬಂದಿತು. ನೌಕಾಪಡೆಯ ಅಧಿಕಾರಿಗಳಾದ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಹಾಗೂ ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ. ಅವರು 'ತಾರಿಣಿ' ಎಂಬ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆ ಮುಗಿಸಿ ಹಿಂದಿರುಗಿದ್ದರು. ಹೊರಟದ್ದು 2024ರ ಅಕ್ಟೋಬರ್ 2ರಂದು. ನೌಕೆಯ ಉದ್ದ ಸುಮಾರು 17 ಮೀಟರು. ಕ್ರಮಿಸಿದ ದೂರ 25,000 ನಾವಿಕ ಮೈಲಿಗೂ ಅಧಿಕ. ಮಾರ್ಗಮಧ್ಯದಲ್ಲಿ ಅವರು ಹಾದುಹೋದ 'ಪಾಯಿಂಟ್ ನೀಮೋ' ಎಂಬ ಸ್ಥಳದಿಂದ ಅತಿ ಸಮೀಪದ ನೆಲವು ಸುಮಾರು 2,700 ಕಿಲೋಮೀಟರು ದೂರವಿದೆ. ಅಲ್ಲಿ ಒಬ್ಬರು ಜಾರಿ ಬಿದ್ದು ಕೈ ಮುರಿದುಕೊಂಡರೆ ವೈದ್ಯರೂ ಇಲ್ಲ, ಆಸ್ಪತ್ರೆಯೂ ಇಲ್ಲ.

ಇಬ್ಬರೇ ಇರುವ ನೌಕೆಯಲ್ಲಿ ಹಗಲಿರುಳೂ ಚುಕ್ಕಾಣಿ ಹಿಡಿದು ನಿಲ್ಲುವುದು ಮಾನವಮಾತ್ರರಿಂದ ಆಗದ ಕೆಲಸ. ಹಾಯಿ ಬದಲಿಸಬೇಕು, ಅಡಿಗೆ ಮಾಡಬೇಕು, ಎಲ್ಲಕ್ಕಿಂತ ಮಿಗಿಲಾಗಿ ನಿದ್ರಿಸಬೇಕು. ದೂರಯಾನದ ಸಣ್ಣ ನೌಕೆಗಳಲ್ಲಿ ಆಟೋಪೈಲಟ್, ಅಂದರೆ ಸ್ವಯಂಚಾಲಿತ ಚುಕ್ಕಾಣಿ, ಇರುವುದು ಇದಕ್ಕಾಗಿಯೇ. ಇದನ್ನು ಒಮ್ಮೆ ಚಾಲೂ ಮಾಡಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ, ಕಡಲು ಬದಲಾದಂತೆ ಅದರ ಹೊಂದಾಣಿಕೆಯೂ ಬದಲಾಗಬೇಕು.

ನಾವಿಕನಿಂದ ಕಲಿತ ಪಾಠ

ಈ ಯಂತ್ರದ ಗಣಿತವನ್ನು ಮೊದಲು ಸ್ಪಷ್ಟಪಡಿಸಿದವನು ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇಂಜಿನಿಯರ್ ನಿಕೊಲಸ್ ಮಿನೋರ್ಸ್ಕಿ. ನುರಿತ ನಾವಿಕರು ಚುಕ್ಕಾಣಿ ಹಿಡಿಯುವ ರೀತಿಯನ್ನು ಗಮನಿಸಿ ಆತ 1922ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಜಾಣ ನಾವಿಕನು ನೌಕೆ ದಾರಿಯಿಂದ ಎಷ್ಟು ಸರಿದಿದೆ ಎಂಬುದನ್ನಷ್ಟೇ ನೋಡಿ ತೃಪ್ತನಾಗುವುದಿಲ್ಲ. ಅದು ಎಷ್ಟು ವೇಗವಾಗಿ ತಿರುಗುತ್ತಿದೆ, ಎಷ್ಟು ಹೊತ್ತಿನಿಂದ ಒಂದೇ ಕಡೆಗೆ ಎಳೆಯುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಇಂದಿನ ಆಟೋಪೈಲಟ್ಟಿನ ಮುಖ್ಯ ಹೊಂದಾಣಿಕೆಗಳು ಈ ಮೂರು ಪ್ರಶ್ನೆಗಳಿಂದಲೇ ಹುಟ್ಟಿವೆ.

ಮೊದಲನೆಯದು 'ಗೇನ್'. ನೌಕೆ 10 ಡಿಗ್ರಿ ದಾರಿ ತಪ್ಪಿದಾಗ ಚುಕ್ಕಾಣಿ 5 ಡಿಗ್ರಿ ತಿರುಗಬೇಕೋ, 10 ಡಿಗ್ರಿಯೋ ಎಂಬುದನ್ನು ಇದು ನಿರ್ಧರಿಸುತ್ತದೆ. ಗೇನ್ ಹೆಚ್ಚಾದರೆ ನೌಕೆ ಗುರಿಯನ್ನು ದಾಟಿ ಆಚೆಗೆ ಹೋಗಿ, ಮತ್ತೆ ಈಚೆಗೆ ಬಂದು, ಹಾವಿನಂತೆ ಹರಿಯುತ್ತದೆ. ಕಡಿಮೆಯಾದರೆ ಆಲಸ್ಯದಿಂದ ಅಲೆಯುತ್ತದೆ. ವೇಗ ಹೆಚ್ಚಿದ್ದಾಗ ಚುಕ್ಕಾಣಿಯ ಹಿಡಿತವೂ ಹೆಚ್ಚುವುದರಿಂದ ಗೇನ್ ತಗ್ಗಿಸಬೇಕು, ನಿಧಾನವಾದಾಗ ಏರಿಸಬೇಕು.

ಎರಡನೆಯದು 'ಕೌಂಟರ್ ರಡ್ಡರ್', ಎಂದರೆ ಎದುರು ಚುಕ್ಕಾಣಿ. ಭಾರವಾದ ನೌಕೆ ಒಮ್ಮೆ ತಿರುಗತೊಡಗಿದರೆ ತಾನಾಗಿ ನಿಲ್ಲದು. ಸರಿದಾರಿಗೆ ಬರುವ ಮುನ್ನವೇ ಚುಕ್ಕಾಣಿಯನ್ನು ಸ್ವಲ್ಪ ವಿರುದ್ಧ ದಿಕ್ಕಿಗೆ ತಿರುಗಿಸಿ ಆ ವೇಗವನ್ನು ತಡೆಯಬೇಕು. ಮೂರನೆಯದು 'ಆಟೋ ಟ್ರಿಮ್'. ಗಾಳಿ ಒಂದೇ ಮಗ್ಗುಲಿನಿಂದ ಬೀಸುತ್ತಿದ್ದರೆ ನೌಕೆ ಸದಾ ಒಂದು ಕಡೆಗೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಚುಕ್ಕಾಣಿಯನ್ನು ನಿರಂತರವಾಗಿ ತುಸು ಓರೆಯಾಗಿಟ್ಟಿರುವುದು ಇದರ ಕೆಲಸ.

ಕಂಡೂ ಕಾಣದಂತಿರುವ ಜಾಣತನ

ಇವುಗಳ ಜೊತೆಗೆ ನಾಲ್ಕನೆಯದೊಂದಿದೆ: ಎಷ್ಟು ಸಣ್ಣ ತಪ್ಪನ್ನು ಯಂತ್ರವು ಕಡೆಗಣಿಸಬೇಕು ಎಂಬುದು. ದೆಹಲಿಯ ಮನೆಗಳಲ್ಲಿ ಹವಾನಿಯಂತ್ರಕಕ್ಕೆ ಜೋಡಿಸಿದ ವೋಲ್ಟೇಜ್ ಸ್ಟೆಬಿಲೈಸರನ್ನು ನೆನೆಯಬಹುದು. ವಿದ್ಯುತ್ತಿನ ಪ್ರತಿಯೊಂದು ಅಲ್ಪ ಏರಿಳಿತಕ್ಕೂ ಅದು ಟಕ್ ಟಕ್ ಎಂದು ಬದಲಾಯಿಸುತ್ತಿದ್ದರೆ ಕೆಲವೇ ದಿನಗಳಲ್ಲಿ ಸವೆದುಹೋಗುತ್ತದೆ. ಆದ್ದರಿಂದ ಒಂದು ಮಿತಿಯೊಳಗಿನ ವ್ಯತ್ಯಾಸಕ್ಕೆ ಅದು ಸುಮ್ಮನಿರುತ್ತದೆ. ಅಲೆಯೊಂದು ನೌಕೆಯ ಮೂತಿಯನ್ನು ಎಡಕ್ಕೆ ತಳ್ಳಿದರೆ, ಹಲವು ವೇಳೆ ಮುಂದಿನ ಕ್ಷಣದಲ್ಲಿ ಅದೇ ಅಲೆ ಬಲಕ್ಕೆ ತರುತ್ತದೆ. ಅದನ್ನು ಬೆನ್ನಟ್ಟಿ ತಿದ್ದುವ ಯಂತ್ರವು ಬ್ಯಾಟರಿಯನ್ನು ಬರಿದು ಮಾಡಿ, ಚುಕ್ಕಾಣಿಯ ಜೋಡಣೆಗಳನ್ನೂ ಸವೆಸುತ್ತದೆ.

ಕಡಲಿಗೆ ತಕ್ಕ ಹೊಂದಾಣಿಕೆ

ಶಾಂತ ಕಡಲಿನಲ್ಲಿ ಅಲ್ಪ ಗೇನ್, ಮಂದವಾದ ಪ್ರತಿಕ್ರಿಯೆ ಸಾಕು, ವಿದ್ಯುತ್ತು ಉಳಿಯುತ್ತದೆ.

ಎದುರಲೆಯಲ್ಲಿ ನೌಕೆ ಕುಣಿಯುತ್ತದೆಯಾದರೂ ಬಹುಮಟ್ಟಿಗೆ ತಾನೇ ದಾರಿಗೆ ಮರಳುತ್ತದೆ. ಇಲ್ಲಿ ಕಡೆಗಣಿಸುವ ಮಿತಿಯನ್ನು ವಿಸ್ತರಿಸಬೇಕು. ವೇಗ ಕುಗ್ಗಿ ಚುಕ್ಕಾಣಿಯ ಹಿಡಿತ ಸಡಿಲಿದರೆ ಮಾತ್ರ ಗೇನನ್ನು ತುಸು ಏರಿಸಬೇಕು.

ಅತ್ಯಂತ ಅಪಾಯಕರವಾದುದು ಹಿಂದಿನಿಂದ ಓರೆಯಾಗಿ ಬರುವ ಅಲೆ. ಅದು ನೌಕೆಯ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ದೂಡುತ್ತದೆ. ಅಷ್ಟರಲ್ಲಿ ತಡೆಯದಿದ್ದರೆ ನೌಕೆ ಅಲೆಗೆ ಅಡ್ಡಲಾಗಿ ತಿರುಗಿ ಮಗ್ಗುಲಿಗೆ ಮಲಗುತ್ತದೆ. ಇಲ್ಲಿ ಯಂತ್ರವು ಚುರುಕಾಗಿರಬೇಕು. ಪ್ರತಿಕ್ರಿಯೆಯನ್ನೂ ಎದುರು ಚುಕ್ಕಾಣಿಯನ್ನೂ ಹೆಚ್ಚಿಸಬೇಕು. ಗಾಳಿಯೂ ಹಿಂದಿನಿಂದಲೇ ಇದ್ದರೆ ಸ್ವಲ್ಪ ದಾರಿ ತಪ್ಪಿದರೂ ಹಾಯಿಯ ಅಡ್ಡದಂಡವು ಒಂದು ಬದಿಯಿಂದ ಇನ್ನೊಂದು ಬದಿಗೆ ರಭಸದಿಂದ ಬಡಿಯುತ್ತದೆ. ತಲೆಗೆ ತಗುಲಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಗಾಳಿಯ ನೇರಕ್ಕೆ ಓಡದೆ ಕೆಲವು ಡಿಗ್ರಿ ಓರೆಯಾಗಿ ಸಾಗುವುದು ಕ್ಷೇಮ.

ಅನುಭವಿಗಳು ಹೇಳುವ ಎರಡು ನಿಯಮಗಳಿವೆ. ಒಂದು, ಒಮ್ಮೆಗೆ ಒಂದನ್ನೇ ಬದಲಿಸಿ ಕೆಲವು ನಿಮಿಷ ಕಾದು ನೋಡಬೇಕು. ಇನ್ನೊಂದು, ಯಂತ್ರ ಏದುತ್ತಿದ್ದರೆ ಮೊದಲು ಹಾಯಿಯನ್ನು ತಗ್ಗಿಸಬೇಕು. ಹೆಚ್ಚಾದ ಹಾಯಿಯ ದೋಷವನ್ನು ಗುಂಡಿ ಒತ್ತಿ ಸರಿಪಡಿಸಲಾಗದು.

ಇಷ್ಟಾದರೂ ಯಂತ್ರಕ್ಕೆ ಕಣ್ಣಿಲ್ಲ. ಮುಂದೆ ಬರುವ ಅಲೆ ಅದಕ್ಕೆ ಕಾಣದು. ಎದುರಿನ ಹಡಗೂ ಕಾಣದು. ಬಿರುಗಾಳಿಯಲ್ಲಿ ಮನುಷ್ಯನ ಕೈಯೇ ಮೇಲು. ಚುಕ್ಕಾಣಿಯ ಜೋಡಣೆಯೇ ಕೆಟ್ಟರೆ ಆಟೋಪೈಲಟ್ ಏನೂ ಮಾಡಲಾರದು. ಆರು ಮಂದಿ ಮಹಿಳಾ ಅಧಿಕಾರಿಗಳು 2017-18ರಲ್ಲಿ ಇದೇ ತಾರಿಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದಾಗ, ಹಿಂದೂ ಮಹಾಸಾಗರದಲ್ಲಿ ಚುಕ್ಕಾಣಿಯ ವ್ಯವಸ್ಥೆ ಕೆಟ್ಟು ಮಾರಿಷಸ್ಸಿನ ಪೋರ್ಟ್ ಲೂಯಿಗೆ ತಿರುಗಬೇಕಾಯಿತು. ದುರಸ್ತಿಯ ಬಳಿಕ ಅವರು 2018ರ ಮೇ 21ರಂದು ಗೋವೆ ಸೇರಿದರು.

ನಿದ್ರೆಯೆಂಬ ಔಷಧ

ಈ ಯಂತ್ರವು ನಾವಿಕನಿಗೆ ಕೊಡುವ ದೊಡ್ಡ ಕೊಡುಗೆ ನಿದ್ರೆ. ಸುಮಾರು 17ರಿಂದ 19 ಗಂಟೆಗಳ ಕಾಲ ಎಡೆಬಿಡದೆ ಎಚ್ಚರವಿದ್ದವರ ಚುರುಕುತನವು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವರಷ್ಟೇ ಕುಂದುತ್ತದೆಯೆಂದು ಪ್ರಯೋಗಗಳು ತೋರಿಸಿವೆ. ಭಾರತದಲ್ಲಿ ವಾಹನ ಚಾಲಕರಿಗೆ ಕಾನೂನು ವಿಧಿಸಿರುವ ಮಿತಿಯೇ ಶೇಕಡಾ 0.03. ದಣಿದವನಿಗೆ ತಾನು ದಣಿದಿರುವುದು ಸರಿಯಾಗಿ ತಿಳಿಯದಿರುವುದೇ ಇದರ ಕೇಡು. ಆದ್ದರಿಂದ ದೂರಯಾನಿಗಳು ಆಯಾಸ ಕಾಣಿಸುವ ಮುನ್ನವೇ ಸರದಿಯ ಮೇಲೆ ಮಲಗುತ್ತಾರೆ. ಒಂಟಿಯಾನಿಗಳು ಹಡಗು ಸಂಚಾರವಿರುವ ಕಡೆಗಳಲ್ಲಿ 20 ನಿಮಿಷಗಳ ತುಣುಕು ನಿದ್ರೆ ಮಾಡಿ, ಎದ್ದು ದಿಗಂತವನ್ನು ನೋಡಿ, ಮತ್ತೆ ಮಲಗುತ್ತಾರೆ.

ರಾಜಧಾನಿಯ ಕನ್ನಡಿಗರಿಗೂ ಈ ಮಾತು ಹೊರತಲ್ಲ. ಹಗಲೆಲ್ಲ ಕಚೇರಿಯಲ್ಲಿ ದುಡಿದು ರಾತ್ರಿ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಆಗ್ರದ ಕಡೆಗೆ ಕಾರು ಓಡಿಸುವವರು ಬಹಳ. ಹೊಸ ಕಾರುಗಳಲ್ಲಿ ವೇಗವನ್ನು ತಾನೇ ಕಾಯ್ದುಕೊಳ್ಳುವ ಸಾಧನವೂ ಉಂಟು. ಸಾಧನವು ಕಾಲಿಗೆ ವಿಶ್ರಾಂತಿ ಕೊಡಬಲ್ಲದು. ಎಚ್ಚರದ ಹೊಣೆಯನ್ನು ಹೊರಲಾರದು. ಕಣ್ಣು ಎಳೆಯತೊಡಗಿದಾಗ ಕಿಟಕಿ ತೆರೆದು, ಹಾಡು ಹಾಕಿ ಮುಂದೆ ಸಾಗುವುದಕ್ಕಿಂತ, ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ ಅರ್ಧ ಗಂಟೆ ಕಣ್ಣು ಮುಚ್ಚುವುದು ಮೇಲು. ಮನೆಯಲ್ಲಿ ಕಾದಿರುವವರಿಗೆ ಅರ್ಧ ಗಂಟೆಯ ವಿಳಂಬ ದೊಡ್ಡದಲ್ಲ.